ಐದು ಡಾಲರ್ ಮೇಜಿನ ದೇವಕಿ

ದೇವಕಿಯವರನ್ನು ನಾನು ಮೊದಲು ನೋಡಿದ್ದು 2016ರ ಮಾರ್ಚಿನಲ್ಲಿ, ಅಡಿಲೇಡ್ ಕ್ಯಾಸಿನೊದ ಒಂದು ಬ್ಲ್ಯಾಕ್‌ಜಾಕ್ ಮೇಜಿನಲ್ಲಿ. ಆ ಕಡೆ ನಿಂತು ಇಸ್ಪೀಟು ಎಲೆ ಹಂಚುತ್ತಿದ್ದವರು ಅವರು. ಈ ಕಡೆ ಕೂತು ದುಡ್ಡು ಕಳೆಯುತ್ತಿದ್ದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವರ ಬಗ್ಗೆ ನಾನು ದೂರ ನಿಂತು ನೋಡಿದವನ ಹಾಗೆ ಬರೆಯಲಾರೆ.

ಅದಕ್ಕೂ ಹಿಂದಿನ ಕಥೆಯನ್ನು ಅವರೂ ಅವರ ಯಜಮಾನರು ಬಾಲಕೃಷ್ಣ ಅವರೂ ಬೇರೆ ಬೇರೆ ಸಂದರ್ಭಗಳಲ್ಲಿ ನನಗೆ ಹೇಳಿದ್ದು.

ದೇವಕಿ ಮೈಸೂರಿನವರು. ಅಲ್ಲಿ ಹನ್ನೊಂದು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಮೈಸೂರಿನಿಂದ ತಿ. ನರಸೀಪುರಕ್ಕೆ ದಿನಕ್ಕೆ ನಾಲ್ಕು ಟ್ರಿಪ್. ಟಿಕೆಟ್ ಮಿಷನ್ ಕೈಕೊಟ್ಟ ದಿನ ಎಂಬತ್ತು ಜನರ ಚಾರ್ಜು, ಅರ್ಧ ಟಿಕೆಟ್ಟು, ಲಗೇಜು, ಚಿಲ್ಲರೆ ಎಲ್ಲ ತಲೆಯಲ್ಲೇ. ಬಾಲಕೃಷ್ಣ ಮಣ್ಣು ಅಗೆಯುವ ದೊಡ್ಡ ಯಂತ್ರಗಳ ಮೆಕ್ಯಾನಿಕ್. ಪಶ್ಚಿಮ ಆಸ್ಟ್ರೇಲಿಯಾದ ಗಣಿಗಳಿಗೆ ಆಗ ಅಂಥ ಕೆಲಸಗಾರರು ಬೇಕಾಗಿದ್ದರು. ವೀಸಾ ಸಿಕ್ಕಿತು. 2011ರಲ್ಲಿ ಗಂಡ ಹೆಂಡತಿ ಪರ್ತ್‌ಗೆ ಬಂದು ಕ್ಯಾನಿಂಗ್ಟನ್‌ನಲ್ಲಿ ಒಂದು ಚಿಕ್ಕ ಮನೆ ಬಾಡಿಗೆಗೆ ಹಿಡಿದರು. ಬಾಲಕೃಷ್ಣ ವಿಮಾನ ಹತ್ತಿ ಎರಡು ವಾರ ಗಣಿಗೆ ಹೋಗುತ್ತಿದ್ದರು, ಒಂದು ವಾರ ಮನೆಗೆ ಬರುತ್ತಿದ್ದರು.

ಆ ಎರಡು ವಾರ ಮನೆಯಲ್ಲಿ ಮಾತಾಡಲು ಯಾರೂ ಇಲ್ಲ. ದೇವಕಿ ಹತ್ತಿರದ ಶಾಪಿಂಗ್ ಸೆಂಟರ್‌ನ ಫುಡ್ ಕೋರ್ಟಿನಲ್ಲಿ ಮೇಜು ಒರೆಸುವ ಕೆಲಸಕ್ಕೆ ಸೇರಿದರು. "ಕೆಲಸಕ್ಕೇನೂ ಅವಮಾನ ಇರ್ಲಿಲ್ಲ. ಆದ್ರೆ ದಿನಾ ಸಾವಿರ ಜನ ಪಕ್ಕದಲ್ಲಿ ಓಡಾಡ್ತಾರೆ, ಒಬ್ರೂ ನನ್ನ ಹತ್ರ ಏನೂ ಕೇಳಲ್ಲ. ಬಸ್ಸಲ್ಲಿ ಹಂಗಾ? ಹತ್ತಿದೋರೆಲ್ಲ ನನ್ನ ಮುಖ ನೋಡ್ಲೇಬೇಕಿತ್ತು," ಎಂದು ಒಮ್ಮೆ ಹೇಳಿದ್ದರು.

ಜೊತೆಗೆ ಕೆಲಸ ಮಾಡುತ್ತಿದ್ದ ಫಿಲಿಪೀನ್ಸ್‌ನ ಹೆಂಗಸೊಬ್ಬಳು ಒಂದು ದಿನ ಪೇಪರಿನ ಜಾಹೀರಾತು ತೋರಿಸಿದಳು. ನದಿ ದಂಡೆಯ ಕ್ಯಾಸಿನೊಗೆ ಎಲೆ ಹಂಚುವವರು ಬೇಕಾಗಿದ್ದಾರೆ, ಅನುಭವ ಬೇಡ, ಅವರೇ ಕಲಿಸುತ್ತಾರೆ, ಲೆಕ್ಕ ಮಾತ್ರ ಚುರುಕಾಗಿರಬೇಕು. ಕ್ಯಾಸಿನೊ ಅಂದರೆ ಏನೆಂದು ದೇವಕಿಗೆ ಸರಿಯಾಗಿ ಗೊತ್ತಿರಲಿಲ್ಲ. ಲೆಕ್ಕ ಅನ್ನುವ ಪದ ಗೊತ್ತಿತ್ತು.

ಪರೀಕ್ಷೆಗೆ ನಲವತ್ತು ಜನ ಬಂದಿದ್ದರು. ಎಂಬತ್ತು ಲೆಕ್ಕ, ಹತ್ತು ನಿಮಿಷ, ಕಾಗದದ ಮೇಲೆ ಉತ್ತರ ಮಾತ್ರ ಬರೆಯಬೇಕು. ಹದಿನೇಳರ ಮಗ್ಗಿ, ಮೂವತ್ತೈದರ ಮಗ್ಗಿ, ಇಷ್ಟಕ್ಕೆ ಒಂದೂವರೆ ಪಟ್ಟು ಎಷ್ಟು, ಇಂಥವು. ದೇವಕಿ ನಾಲ್ಕು ನಿಮಿಷಕ್ಕೆ ಪೆನ್ನು ಕೆಳಗಿಟ್ಟರು. ಪರೀಕ್ಷೆ ನಡೆಸುತ್ತಿದ್ದಾಕೆ ಗ್ಲೆನಿಸ್ ಅಂತ, ಅರವತ್ತರ ಹತ್ತಿರದವರು, ಕ್ಯಾಸಿನೊದ ತರಬೇತುದಾರರು. ಅವರು ಹಾಳೆ ನೋಡಿದರು, ದೇವಕಿಯ ಮುಖ ನೋಡಿದರು, ಅವರನ್ನು ಬೇರೆ ಕೋಣೆಯಲ್ಲಿ ಕೂರಿಸಿ ಇನ್ನೊಂದು ಹಾಳೆ ಕೊಟ್ಟರು. ಅದೂ ನಾಲ್ಕು ನಿಮಿಷಕ್ಕೆ ಮುಗಿಯಿತು.

"ಇದನ್ನ ಎಲ್ಲಿ ಕಲಿತೆ?" ಎಂದು ಗ್ಲೆನಿಸ್ ಕೇಳಿದರು.

ದೇವಕಿ ತಮಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ, "ಬಸ್ಸಿನಲ್ಲಿ," ಎಂದರು.

ಆಕೆ ಬರುತ್ತಾ ಬಸ್ಸಿನಲ್ಲಿ ಕೂತು ಓದಿಕೊಂಡು ಬಂದಿದ್ದಾಳೆ ಎಂದೇ ಗ್ಲೆನಿಸ್ ತಿಳಿದುಕೊಂಡರಂತೆ. ನಿಜ ಸಂಗತಿ ಗೊತ್ತಾಗಲು ಎರಡು ವಾರ ಹಿಡಿಯಿತು.

ತರಬೇತಿ ಆರು ವಾರ, ಬೆಳಗಿನ ಹೊತ್ತು. ಅಲ್ಲಿಯವರೆಗೆ ದೇವಕಿ ಇಸ್ಪೀಟು ಎಲೆ ಮುಟ್ಟಿದವರೇ ಅಲ್ಲ. ಡಿಪೊ ಹಿಂದಿನ ಹುಣಸೆಮರದ ಕೆಳಗೆ ಡ್ರೈವರುಗಳು ಆಡುವುದನ್ನು ದೂರದಿಂದ ನೋಡಿದ್ದಷ್ಟೇ. ಆಟೀನು ಯಾವುದು, ಕ್ಲಾವರ್ ಯಾವುದು ಎಂಬುದರಿಂದಲೇ ಶುರುಮಾಡಬೇಕಾಯಿತು. ಬ್ಲ್ಯಾಕ್‌ಜಾಕ್ ಕೇಳುವುದಕ್ಕೆ ಸುಲಭದ ಆಟ. ಕೈಯಲ್ಲಿರುವ ಎಲೆಗಳ ಮೊತ್ತ ಇಪ್ಪತ್ತೊಂದಕ್ಕೆ ಹತ್ತಿರ ಬರಬೇಕು, ದಾಟಬಾರದು. ದಾಟಿದರೆ ಸೋಲು. ರಾಜ, ರಾಣಿ, ಗುಲಾಮ ಮೂವರಿಗೂ ಹತ್ತು. ಎಕ್ಕ ಒಂದೂ ಆಗಬಹುದು, ಹನ್ನೊಂದೂ ಆಗಬಹುದು. ಆಡುವವರಿಗೆ ಇನ್ನೊಂದು ಎಲೆ ಬೇಕಿದ್ದರೆ ಮೇಜು ತಟ್ಟುತ್ತಾರೆ, ಸಾಕಾದರೆ ಅಂಗೈ ಆಡಿಸುತ್ತಾರೆ. ಎಲ್ಲರದೂ ಮುಗಿದ ಮೇಲೆ ಹಂಚುವವರ ಸರದಿ. ಹಂಚುವವರಿಗೆ ಆಯ್ಕೆ ಅನ್ನುವುದೇ ಇಲ್ಲ. ಹದಿನಾರು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎಳೆಯಲೇಬೇಕು, ಹದಿನೇಳು ಮುಟ್ಟಿದರೆ ನಿಲ್ಲಲೇಬೇಕು.

ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದ ದೇವಕಿ ಕೈಯ ಕೆಲಸದಲ್ಲಿ ಎಲ್ಲರಿಗಿಂತ ಹಿಂದೆ ಬಿದ್ದರು. ಹಂಚುವವರ ಕೈಗಳು ಸದಾ ಮೇಜಿನ ಮೇಲೆ, ಕ್ಯಾಮೆರಾಕ್ಕೆ ಕಾಣುವಂತೆ ಇರಬೇಕು. ಸಮವಸ್ತ್ರಕ್ಕೆ ಜೇಬೇ ಇರುವುದಿಲ್ಲ. ಮೇಜು ಬಿಡುವಾಗ ಎರಡೂ ಅಂಗೈ ತೆರೆದು, ತಿರುಗಿಸಿ ತೋರಿಸಿ ಹೋಗಬೇಕು. ದೇವಕಿಯ ಎಡಗೈ ಮಾತ್ರ ದುಡ್ಡು ಕಂಡ ಕೂಡಲೇ ಸೊಂಟದ ಕಡೆ ಹೋಗುತ್ತಿತ್ತು. ಹನ್ನೊಂದು ವರ್ಷ ಅಲ್ಲಿ ಚರ್ಮದ ಬ್ಯಾಗು ನೇತಾಡಿತ್ತಲ್ಲ. ಇನ್ನೊಂದು ತೊಂದರೆ, ಎಲೆ ಎಣಿಸುವಾಗ ಹೆಬ್ಬೆರಳು ತಾನಾಗಿ ನಾಲಿಗೆಗೆ ಬರುತ್ತಿತ್ತು.

"ಆ ಕೈಗೆ ಏನಾಗಿದೆ ದೇವಕಿ?" ಎಂದು ಗ್ಲೆನಿಸ್ ಒಂದು ದಿನ ಎಲ್ಲರ ಮುಂದೆ ಕೇಳಿದರು. ಆಗ ಬಸ್ಸಿನ ಕಥೆ ಪೂರ್ತಿ ಹೊರಗೆ ಬಂತು. ಗ್ಲೆನಿಸ್ ನಗಲಿಲ್ಲ. "ಹಾಗಾದ್ರೆ ಆ ಕೈಗೆ ಕೆಲಸ ಬದಲಾಗಿದೆ ಅಂತ ನೀನೇ ಹೇಳಬೇಕು. ನಾನು ಹೇಳಿದ್ರೆ ಅದು ಕೇಳಲ್ಲ," ಎಂದರು.

ದೇವಕಿ ಮನೆಗೆ ಬಂದು ಇಸ್ತ್ರಿ ಹಲಗೆಯನ್ನು ಸೊಂಟದ ಎತ್ತರಕ್ಕೆ ಏರಿಸಿದರು. ಕ್ಯಾಸಿನೊದ ಮೇಜೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಅದರ ಮೇಲೆ ದಪ್ಪ ಟವೆಲ್ ಹಾಸಿ, ಲಂಗದ ಲಾಡಿಯಿಂದ ಎಡ ಮಣಿಕಟ್ಟನ್ನು ಹಲಗೆಗೆ ಸಡಿಲವಾಗಿ ಕಟ್ಟಿಕೊಂಡರು. ಮುಂದೆ ಹಿಂದೆ ಆಡುವಷ್ಟು ಸಡಿಲ, ಸೊಂಟಕ್ಕೆ ಹೋಗದಷ್ಟು ಬಿಗಿ. ದಿನಾ ಎರಡು ಗಂಟೆ ಹಾಗೆ ನಿಂತು ಖಾಲಿ ಕುರ್ಚಿಗಳಿಗೆ ಎಲೆ ಹಂಚಿದರು. ಹದಿನೈದು ದಿನಕ್ಕೆ ಕೈ ಮಾತು ಕೇಳಿತು.

ನಾಲ್ಕನೇ ವಾರದ ಪರೀಕ್ಷೆಯಲ್ಲಿ ಫೇಲಾದರು. ಅದೂ ಲೆಕ್ಕದಲ್ಲೇ. ಗಿರಾಕಿಯ ಪಾತ್ರದಲ್ಲಿ ಕೂತವನ ಮುಂದೆ ಎಕ್ಕ, ಐದು, ಮತ್ತೊಂದು ಎಕ್ಕ ಬಿದ್ದಿತ್ತು. ಹನ್ನೊಂದು, ಐದು, ಒಂದು, ಒಟ್ಟು ಹದಿನೇಳು. ಅವನು ಮೇಜು ತಟ್ಟಿದ. ರಾಜ ಬಂದ. ದೇವಕಿ ಇಪ್ಪತ್ತೇಳು ಎಂದು ಕೂಗಿ ಅವನು ದುಡ್ಡಿನ ಬದಲು ಪಣಕ್ಕಿಟ್ಟಿದ್ದ ಬಿಲ್ಲೆಗಳನ್ನು ಎಳೆದುಕೊಂಡರು. ತಪ್ಪು. ಮೊತ್ತ ದಾಟುವ ಹಾಗಾದರೆ ಎಕ್ಕ ಹನ್ನೊಂದರಿಂದ ಒಂದಕ್ಕೆ ಇಳಿಯಬೇಕು, ಅದು ಹದಿನೇಳಾಗಿಯೇ ಉಳಿಯಬೇಕಿತ್ತು. "ಬಸ್ಸಲ್ಲಿ ಒಂದ್ಸಲ ಕೂಡಿದ್ದು ಕೂಡಿದ್ದೇ. ವಾಪಸ್ ಹೋಗಿ ಬದಲಾಯಿಸೋ ಅಭ್ಯಾಸ ನನಗಿರ್ಲಿಲ್ಲ," ಎಂದು ಅವರು ನನಗೆ ಹೇಳಿದರು. ಗ್ಲೆನಿಸ್ ಹತ್ತು ದಿನ ಕೊಟ್ಟರು. ಎರಡನೇ ಸಲವೂ ಫೇಲಾದರೆ ಮನೆಗೆ.

ಆ ಹತ್ತು ದಿನದಲ್ಲಿ ಬಾಲಕೃಷ್ಣ ಅವರ ರಜೆಯ ವಾರವೂ ಬಂತು. ದಣಿದು ಬಂದ ಮನುಷ್ಯ ಇಸ್ತ್ರಿ ಹಲಗೆಯ ಮುಂದೆ ಐದು ಕುರ್ಚಿ ಹಾಕಿ, ಒಂದರಿಂದ ಒಂದಕ್ಕೆ ಎದ್ದು ಕೂರುತ್ತಾ, ಐವರು ಗಿರಾಕಿಗಳಾಗಿ ಆಡಿದರಂತೆ. ಒಬ್ಬ ಕುಡುಕ, ಒಬ್ಬ ಜಿಪುಣ, ಒಬ್ಬ ಬಾಯಿಬಡುಕ, ಒಬ್ಬ ಮೂಗ, ಇನ್ನೊಬ್ಬ ಸೋತಾಗಲೆಲ್ಲ ಬೈಯುವವನು. "ಬೈಯೋನ ಪಾತ್ರ ಮಾಡಿದ್ದು ನನಗೆ ಬಹಳ ಹಿಡಿಸ್ತು," ಎಂದು ಬಾಲಕೃಷ್ಣ ಹೆಂಡತಿಯ ಮುಂದೆಯೇ ನನಗೆ ಹೇಳಿದರು. ದೇವಕಿ, "ಆ ಪಾತ್ರ ಇವ್ರಿಗೆ ಕಲಿಸೋದೇ ಬೇಕಾಗ್ಲಿಲ್ಲ," ಎಂದರು. ಗಂಡನ ಎದುರು ಎಕ್ಕದ ಮೇಲೆ ಎಕ್ಕ ಇಟ್ಟು, ಕೂಡಿದ್ದನ್ನು ಮುರಿದು ಮತ್ತೆ ಕೂಡಿ, ಅವರು ಎರಡನೇ ಪರೀಕ್ಷೆ ಪಾಸು ಮಾಡಿದರು.

2012ರ ಆಗಸ್ಟಿನಲ್ಲಿ ಕೆಲಸದ ಮೊದಲ ದಿನ ಅವರಿಗೆ ಕೊಟ್ಟಿದ್ದು ಬೆಳಗ್ಗೆ ಹನ್ನೊಂದರ ಐದು ಡಾಲರ್ ಮೇಜು. ಒಂದು ಆಟಕ್ಕೆ ಐದು ಡಾಲರ್ ಸಾಕು, ಹೊಸಬರು ಬಂದು ಕೂರುವ ಜಾಗ. ಒಬ್ಬ ಮುದುಕಿ ಬಂದು, ತನಗೆ ಆಟ ಬರುವುದಿಲ್ಲ, ತಂಗಿಯ ಜೊತೆ ಬಂದವಳು, ಏನು ಮಾಡಬೇಕೆಂದು ಕೇಳಿದಳು. ದೇವಕಿ ಒಂದೊಂದೇ ಎಲೆ ಇಡುತ್ತಾ, ಮೊತ್ತವನ್ನು ಗಟ್ಟಿಯಾಗಿ ಹೇಳುತ್ತಾ, ಯಾವಾಗ ತಟ್ಟಬೇಕು, ಯಾವಾಗ ಕೈ ಆಡಿಸಬೇಕು ಎಂದು ತೋರಿಸಿದರು. ಮುದುಕಿ ಒಂದು ಗಂಟೆ ಆಡಿ, ಹತ್ತು ಡಾಲರ್ ಸೋತು, ಖುಷಿಯಾಗಿ ಎದ್ದು ಹೋದಳು. ಆಮೇಲೆ ದೇವಕಿ ಎಲ್ಲಿ ಕೆಲಸ ಮಾಡಿದರೂ ಐದು ಡಾಲರ್ ಮೇಜನ್ನೇ ಕೇಳಿ ಪಡೆಯುತ್ತಿದ್ದರು. ದೊಡ್ಡ ಪಣದ ಕೋಣೆಗೆ ಎರಡು ಸಲ ಕರೆದರೂ ಹೋಗಲಿಲ್ಲ.

ಪರ್ತ್‌ನ ಕನ್ನಡದವರ ನಡುವೆ ಮಾತು ಹಬ್ಬಲು ತಡವಾಗಲಿಲ್ಲ. ಯುಗಾದಿ ಊಟಕ್ಕೆ ಸೇರಿದಾಗ ಇಂದಿರಮ್ಮ ಎಂಬ ಹಿರಿಯರು, ಮಗನ ಮನೆಗೆ ಬಂದು ನೆಲೆಸಿದ್ದವರು, ಎಲ್ಲರೆದುರೇ ಕೇಳಿದರು. "ಜೂಜಿನ ಮನೇಲಿ ದುಡಿದು ಬಂದ ಕೈಯಲ್ಲಿ ಒಬ್ಬಟ್ಟು ಬಡಿಸ್ತೀಯಲ್ಲಮ್ಮ, ನಿನಗೆ ಏನೂ ಅನ್ಸಲ್ವಾ?"

ದೇವಕಿ ಒಬ್ಬಟ್ಟಿನ ಡಬ್ಬಿ ಮೇಜಿನ ಮೇಲಿಟ್ಟು, "ಅನ್ಸುತ್ತೆ ಆಂಟಿ. ದಿನಾ ಅನ್ಸುತ್ತೆ. ಆದ್ರೆ ನಾನು ಯಾರಿಗೂ ಒಂದು ಎಲೆ ಮೋಸ ಮಾಡಿಲ್ಲ," ಎಂದರು. ಇಂದಿರಮ್ಮ ಆ ದಿನ ಆ ಒಬ್ಬಟ್ಟು ತಿನ್ನಲಿಲ್ಲ. ದೇವಕಿ ಇದನ್ನು ದೂರಿನಂತೆ ಹೇಳಲಿಲ್ಲ. ಇಂದಿರಮ್ಮನ ಪ್ರಶ್ನೆ ಸರಿಯಾಗಿಯೇ ಇತ್ತು ಎಂದರು.

2015ರ ಹೊತ್ತಿಗೆ ಗಣಿಗಳಲ್ಲಿ ಕೆಲಸ ಕಡಿಮೆಯಾಯಿತು. ಬಾಲಕೃಷ್ಣ ಅವರಿಗೆ ಅಡಿಲೇಡ್‌ನ ಉತ್ತರದ ವರ್ಕ್‌ಶಾಪೊಂದರಲ್ಲಿ ಕೆಲಸ ಸಿಕ್ಕಿ, ಇಬ್ಬರೂ ಮಾಸನ್ ಲೇಕ್ಸ್‌ಗೆ ಬಂದರು. ಅಲ್ಲಿಂದ ಮುಂದಿನದಕ್ಕೆ ನಾನೇ ಸಾಕ್ಷಿ.

ನಾನು ಗುರುದತ್. ಮಾಸನ್ ಲೇಕ್ಸ್‌ನಲ್ಲೇ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಬೇರೆಯವರು ಬರೆದ ಪ್ರೋಗ್ರಾಂನಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ. 2016ರ ಆರಂಭದಲ್ಲಿ ಆಫೀಸಿನವರ ಜೊತೆ ಒಂದು ಸಂಜೆ ಕ್ಯಾಸಿನೊಗೆ ಹೋದೆ. ಬ್ಲ್ಯಾಕ್‌ಜಾಕ್ ನೋಡಿದೆ. ಇದು ಅದೃಷ್ಟವಲ್ಲ, ಗಣಿತ ಅನ್ನಿಸಿತು. ಮನೆಗೆ ಬಂದು ಒಂದು ಪ್ರೋಗ್ರಾಂ ಬರೆದೆ. ಯಾವ ಎಲೆ ಬಂದಾಗ ಏನು ಮಾಡಬೇಕು ಎಂಬ ಪಟ್ಟಿ ಹಾಕಿ, ಹತ್ತು ಲಕ್ಷ ಆಟ ಓಡಿಸಿದೆ. ನೂರು ಡಾಲರ್ ಕಟ್ಟಿದರೆ ನಾಲ್ಕೈದು ಡಾಲರ್ ಲಾಭ ಎಂದು ಅದು ತೋರಿಸಿತು. ಮತ್ತೆ ಓಡಿಸಿದೆ. ಮತ್ತೆ ಲಾಭ.

ಅಡಿಲೇಡ್‌ನಲ್ಲಿ ಕ್ಯಾಸಿನೊ ಇರುವುದು ರೈಲ್ವೆ ಸ್ಟೇಷನ್ನಿನ ಕಟ್ಟಡದಲ್ಲೇ. ಮಾಸನ್ ಲೇಕ್ಸ್‌ನಲ್ಲಿ ರೈಲು ಹತ್ತಿದರೆ ಸೀದಾ ಅಲ್ಲಿಗೇ. ವಾರಕ್ಕೆ ಎರಡು ದಿನ ಬೇಗ ಕೆಲಸ ಮುಗಿಸಿ ಹೋಗತೊಡಗಿದೆ. ಸೋತೆ. ಪ್ರೋಗ್ರಾಂ ಗೆಲ್ಲುತ್ತೀಯ ಅನ್ನುತ್ತಿತ್ತು, ಆದ್ದರಿಂದ ಸೋಲು ಸದ್ಯದ್ದು ಎಂದುಕೊಂಡೆ. ಸೋತಾಗ ಪಣ ಎರಡರಷ್ಟು ಮಾಡಿದೆ. ವಾರಕ್ಕೆ ಎರಡು ದಿನ ಇದ್ದದ್ದು ನಾಲ್ಕಾಯಿತು. ನನ್ನ ಹೆಂಡತಿ ಕವನಾಗೆ ಪ್ರಾಜೆಕ್ಟ್ ಮೀಟಿಂಗ್ ಎಂದು ಹೇಳುತ್ತಿದ್ದೆ.

ಅಂಥ ಒಂದು ದಿನವೇ ಎದುರಿಗೆ ನಿಂತಿದ್ದವರ ಎದೆಯ ಮೇಲಿನ ಹೆಸರಿನ ಪಟ್ಟಿಯಲ್ಲಿ ದೇವಕಿ ಎಂದಿತ್ತು. "ಮೇಡಂ, ನೀವು ಕನ್ನಡದೋರಾ?" ಎಂದೆ. ಅವರು ಇಂಗ್ಲಿಷಿನಲ್ಲಿ, "ಸರ್, ಮೇಜಿನಲ್ಲಿ ಇಂಗ್ಲಿಷ್ ಮಾತ್ರ. ನಿಮ್ಮ ಪಣ ಇಡಿ," ಎಂದರು. ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲ. ನನಗೆ ಅವಮಾನವಾದಂತೆ ಅನ್ನಿಸಿತು. ಮುಂದಿನ ಎರಡು ವಾರದಲ್ಲಿ ಐದಾರು ಸಲ ಅವರ ಮೇಜಿನಲ್ಲಿ ಕೂತೆ. ಎಷ್ಟು ಸೋತರೂ ಅವರ ಎಲೆ ಒಂದೇ ವೇಗದಲ್ಲಿ, ಒಂದೇ ಅಂತರದಲ್ಲಿ ಬೀಳುತ್ತಿತ್ತು. ಆಮೇಲೆ ಅವರು ನನ್ನ ಮೇಜುಗಳಲ್ಲಿ ಕಾಣಿಸಲೇ ಇಲ್ಲ.

ಒಂದು ಗುರುವಾರ ಮಧ್ಯಾಹ್ನ ಮಾಸನ್ ಲೇಕ್ಸ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದೆ. ಎದುರಿನಿಂದ ಬಂದ ರೈಲಿನಿಂದ ಅವರು ಇಳಿದು ಸೀದಾ ನನ್ನ ಹತ್ತಿರ ಬಂದರು. ಕನ್ನಡದಲ್ಲಿ ಮಾತಾಡಿದರು.

"ನಾನು ದೇವಕಿ. ಗೊತ್ತಾಯ್ತಲ್ಲ? ಅವತ್ತು ಉತ್ತರ ಕೊಡೋಕೆ ಆಗ್ಲಿಲ್ಲ, ಅಲ್ಲಿ ರೂಲ್ಸ್ ಹಂಗೆ. ಹೋದ ವಾರ ನಮ್ಮ ಮ್ಯಾನೇಜರ್‌ಗೆ ಹೇಳಿದೀನಿ, ಇವ್ರು ನಮ್ಮೂರ ಕಡೆಯೋರು, ಹೊರಗೆ ಸಿಕ್ಕಿದ್ರೆ ಮಾತಾಡ್ತೀನಿ, ಇನ್ಮೇಲೆ ಅವ್ರಿರೋ ಮೇಜಿಗೆ ನನ್ನ ಹಾಕ್ಬೇಡಿ ಅಂತ. ಅದು ಆದ್ಮೇಲೇ ನಿಮ್ಮ ಹತ್ರ ಬಂದಿದ್ದು."

"ಯಾಕೆ? ನಾನೇನು ತಪ್ಪು ಮಾಡಿದೀನಿ?" ಎಂದೆ.

"ತಪ್ಪೇನೂ ಮಾಡಿಲ್ಲ. ನೀವು ಕೂರೋಕೆ ಮುಂಚೆ ಕೊರಳಲ್ಲಿರೋ ಆಫೀಸ್ ಕಾರ್ಡ್ ತೆಗೆದು ಜೇಬಲ್ಲಿ ಹಾಕ್ಕೋತೀರ. ಬಸ್ಸಲ್ಲಿ ಟಿಕೆಟ್ ತಗೊಳ್ಳದೇ ಇರೋರು ಹಿಂದಿನ ಬಾಗಿಲ ಹತ್ರ ಸರಿಯೋ ಹಂಗೆ ಕಾಣ್ಸುತ್ತೆ. ಮನೇಲಿ ಗೊತ್ತಿಲ್ಲ ಅಲ್ವಾ?"

ನನಗೆ ಸಿಟ್ಟು ಬಂತು. ಇದು ಅದೃಷ್ಟದ ಆಟ ಅಂದುಕೊಂಡಿರುವವರಿಗೆ ಗೊತ್ತಾಗುವುದಿಲ್ಲ, ನಾನು ಪಟ್ಟಿ ಮಾಡಿ ಹತ್ತು ಲಕ್ಷ ಆಟ ಲೆಕ್ಕ ಹಾಕಿದ್ದೇನೆ, ಗಣಿತದ ಪ್ರಕಾರ ಗೆಲ್ಲಲೇಬೇಕು ಎಂದು ಬಿರುಸಾಗಿ ಹೇಳಿದೆ. ಕ್ಯಾಸಿನೊದಲ್ಲಿ ದುಡಿಯುವವರು ಬಂದು ಬುದ್ಧಿ ಹೇಳುವುದು ವಿಚಿತ್ರ ಎಂದೂ ಅಂದೆ. ಅವರು ಮುಖ ಬಾಡಿಸಿಕೊಳ್ಳಲಿಲ್ಲ.

"ಅದು ನನಗೂ ವಿಚಿತ್ರಾನೇ. ಬುದ್ಧಿ ಹೇಳೋಕೆ ಬಂದಿಲ್ಲ. ನಿಮಗೆ ಲೆಕ್ಕ ಬರುತ್ತೆ, ನನಗೂ ಬರುತ್ತೆ. ಶನಿವಾರ ಮಧ್ಯಾಹ್ನ ಮನೆಗೆ ಬನ್ನಿ. ನಿಮ್ಮ ಪಟ್ಟಿ ತನ್ನಿ. ನಮ್ಮ ಯಜಮಾನ್ರೂ ಇರ್ತಾರೆ, ಕಾಫಿ ಕುಡೀಬಹುದು. ನೀವು ಹಂಚಿ, ನಾನು ಆಡ್ತೀನಿ."

ಹೋಗಬಾರದು ಎಂದುಕೊಂಡೇ ಶನಿವಾರ ಹೋದೆ. ಬಹುಶಃ ಅವರನ್ನು ಸೋಲಿಸಬೇಕೆಂಬ ಹಟವೇ ಕರೆದುಕೊಂಡು ಹೋಯಿತು.

ಅಡುಗೆಮನೆಯ ಮೇಜಿನ ಮೇಲೆ ಒಂದು ಕಟ್ಟು ಎಲೆ, ಪಣಕ್ಕೆ ಎರಡು ಬಟ್ಟಲು ಕಾಬೂಲ್ ಕಡಲೆ. ನನ್ನನ್ನು ಹಂಚುವ ಜಾಗದಲ್ಲಿ ನಿಲ್ಲಿಸಿದರು. ನನ್ನ ಪಟ್ಟಿಯನ್ನು ಓದಿಕೊಂಡು, ಅದರಲ್ಲಿ ಬರೆದಂತೆಯೇ ಒಂದಿಷ್ಟೂ ಬದಲಾಯಿಸದೆ ಆಡುತ್ತೇನೆ ಎಂದರು. ಬಾಲಕೃಷ್ಣ ಪಕ್ಕದಲ್ಲಿ ಕೂತು ಗೆಲುವು ಸೋಲು ಗೀಟು ಹಾಕಿದರು.

ಮೊದಲ ಅರ್ಧ ಗಂಟೆ ನನಗೆ ಹಂಚುವುದೇ ಕಷ್ಟವಾಯಿತು. ಎಲೆ ಮೇಜಿನಿಂದ ಜಾರಿ ಬೀಳುತ್ತಿತ್ತು, ಮೊತ್ತ ತಪ್ಪುತ್ತಿತ್ತು. ದೇವಕಿ ತಾಳ್ಮೆಯಿಂದ, "ಎಲೆ ಎತ್ತಬೇಡಿ, ಜಾರಿಸಿ. ಮೊತ್ತ ಬಾಯಿಬಿಟ್ಟು ಹೇಳಿ," ಎನ್ನುತ್ತಿದ್ದರು. ನಿಧಾನಕ್ಕೆ ಹದಕ್ಕೆ ಬಂತು. ಆಗ ನನಗೆ ಮೊದಲ ಸಲ ಒಂದು ವಿಷಯ ಅರಿವಾಯಿತು. ಈ ಕಡೆ ನಿಂತವನಿಗೆ ಯೋಚಿಸಲು ಏನೂ ಇಲ್ಲ. ಹದಿನಾರಾದರೆ ಎಳೆ, ಹದಿನೇಳಾದರೆ ನಿಲ್ಲು.

"ನೋಡಿದ್ರಾ, ನನಗಿಲ್ಲಿ ಬುದ್ಧಿ ಉಪಯೋಗಿಸೋ ಹಕ್ಕೇ ಇಲ್ಲ," ಎಂದರು ದೇವಕಿ. "ಬುದ್ಧಿ ಎಲ್ಲಾ ಆ ಕಡೆ ಕೂತಿರೋರದ್ದು. ಆದ್ರೂ ವರ್ಷದ ಕೊನೇಲಿ ಗೆಲ್ಲೋದು ಈ ಕಡೆ. ಯಾಕಿರಬಹುದು?"

ನಾನು ಮುಂದಿನ ಎಲೆ ಹಂಚಿದೆ. ಆಟ ಮುಂದುವರಿಯಿತು.

ನಲವತ್ತನೆಯದೋ ಐವತ್ತನೆಯದೋ ಆಟದಲ್ಲಿ ಅವರ ಮುಂದೆ ಹದಿನೈದು ಇತ್ತು. ಪಟ್ಟಿಯ ಪ್ರಕಾರ ಮೇಜು ತಟ್ಟಿದರು. ಒಂಬತ್ತು ಬಂತು. ಇಪ್ಪತ್ನಾಲ್ಕು, ಸೋಲು. ನಾನು ಅಭ್ಯಾಸದಂತೆ ಅವರ ಕಡಲೆ ತೆಗೆದುಕೊಂಡೆ.

"ಆಟ ಮುಗೀತು, ಸರಿ. ಆದ್ರೂ ಸುಮ್ನೆ ನಿಮ್ಮ ಎಲೆ ಎಳೆದು ನೋಡಿ, ಏನು ಬರ್ತಿತ್ತು ಅಂತ," ಎಂದರು ದೇವಕಿ.

ಎಳೆದೆ. ನನ್ನದು ಹದಿನಾಲ್ಕಾಯಿತು, ಮತ್ತೆ ಎಳೆದೆ, ರಾಣಿ ಬಂದಳು. ನನ್ನದೂ ಇಪ್ಪತ್ನಾಲ್ಕು.

"ಇಬ್ರೂ ದಾಟಿದ್ವಿ. ಹಂಗಾದ್ರೆ ಇದು ಸಮ ಅಲ್ವಾ?" ಎಂದು ನನ್ನ ಬಾಯಿಂದ ಬಂತು.

ದೇವಕಿ ನನ್ನ ಕೈಯಲ್ಲಿದ್ದ ಕಡಲೆ ತೋರಿಸಿದರು. "ಸಮ ಆಗಿದ್ರೆ ಅದು ನನ್ನ ಹತ್ರ ಇರ್ಬೇಕಿತ್ತು. ನೀವು ಆಗ್ಲೇ ತಗೊಂಡ್ರಲ್ಲ."

ಆಗ ನನ್ನ ತಪ್ಪು ಕಣ್ಣಿಗೆ ಬಿತ್ತು. ನನ್ನ ಪ್ರೋಗ್ರಾಂ ಎರಡೂ ಕಡೆಯ ಕೊನೆಯ ಮೊತ್ತ ಹೋಲಿಸಿ ತೀರ್ಪು ಕೊಡುತ್ತಿತ್ತು. ಇಬ್ಬರೂ ಇಪ್ಪತ್ತೊಂದು ದಾಟಿದರೆ ಸಮ ಎಂದು ನಾನೇ ಬರೆದಿದ್ದೆ. ನಿಜವಾದ ಮೇಜಿನಲ್ಲಿ ಮೊದಲು ಆಡುವವನು ಗಿರಾಕಿ, ಮೊದಲು ದಾಟುವವನೂ ಅವನೇ. ಆಮೇಲೆ ಹಂಚುವವರು ದಾಟಿದರೂ ಅವನ ದುಡ್ಡು ವಾಪಸ್ ಬರುವುದಿಲ್ಲ. ಕ್ಯಾಸಿನೊದ ಲಾಭವೆಲ್ಲ ಅಲ್ಲೇ ಇದೆ. ಎರಡು ತಿಂಗಳು ನಾನು ಹೋದಾಗಲೆಲ್ಲ ನನ್ನ ಕಣ್ಣೆದುರೇ ಅದು ನಡೆಯುವುದನ್ನು ನೋಡಿಯೂ ನೋಡಿರಲಿಲ್ಲ. ತಪ್ಪು ಹುಡುಕುವುದೇ ಕೆಲಸವಾಗಿದ್ದವನು ನಾನು.

ನನ್ನ ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಇತ್ತು. ಅಲ್ಲೇ ತೆಗೆದು ಆ ಒಂದು ಸಾಲು ತಿದ್ದಿ ಓಡಿಸಿದೆ. ಹತ್ತು ಲಕ್ಷ ಆಟದ ಕೊನೆಯಲ್ಲಿ ಲಾಭ ಹೋಗಿ ನಷ್ಟ ಬಂತು. ಎರಡು ಸಲ ಓಡಿಸಿದೆ. ಬಾಲಕೃಷ್ಣ ಎದ್ದು ಹೋಗಿ ಕಾಫಿ ಬಿಸಿ ಮಾಡಿದರು.

"ಗೆದ್ದ ದಿನ ಇರುತ್ತೆ, ಸೋತ ದಿನ ಇರುತ್ತೆ," ಎಂದರು ದೇವಕಿ. "ಹತ್ತು ಡಾಲರ್ ಇಟ್ಕೊಂಡು ಬಂದು ಒಂದು ಗಂಟೆ ಖುಷಿಯಾಗಿ ಆಡಿ ಹೋಗೋರು ಎಷ್ಟೋ ಜನ ಇದ್ದಾರೆ. ಸಿನಿಮಾಗೆ ಹೋದ ಹಂಗೆ. ಅವ್ರಿಗೆ ಆಟ ಕಲಿಸೋಕೆ ನನಗಿಷ್ಟ. ಗೆದ್ದೇ ಗೆಲ್ತೀನಿ ಅಂತ ಬರೋರಿಗೆ ಹಂಚುವಾಗ ಮಾತ್ರ ಕೈ ಭಾರ ಆಗುತ್ತೆ."

"ಹಂಗಿದ್ದೂ ಯಾಕೆ ಅಲ್ಲೇ ಕೆಲಸ ಮಾಡ್ತೀರ ಅಕ್ಕ?" ಎಂದು ಕೇಳಿದೆ. ಅಕ್ಕ ಎಂಬ ಪದ ಯೋಚಿಸದೆ ಬಂದಿತ್ತು.

ಅವರು ಹರಡಿದ್ದ ಎಲೆಗಳನ್ನು ಕಟ್ಟಿಗೆ ಸೇರಿಸಿದರು. "ನಾನು ಬಿಟ್ರೆ ಆ ಜಾಗದಲ್ಲಿ ಇನ್ನೊಬ್ರು ನಿಲ್ತಾರೆ, ಅದು ಒಂದು ಕಾರಣ ಅಂತ ಹೇಳ್ಬಹುದು. ಅದು ಪೂರ್ತಿ ನಿಜ ಅಲ್ಲ. ನನಗೆ ಆ ಕೆಲಸ ಚೆನ್ನಾಗಿ ಬರುತ್ತೆ. ಚೆನ್ನಾಗಿ ಬರೋ ಕೆಲಸ ಬಿಡೋದು ಕಷ್ಟ."

ಅವರು ನನಗೆ ಇನ್ನೂ ಎರಡು ಕೆಲಸ ಹೇಳಿದರು. ಒಂದು, ಕ್ಯಾಸಿನೊಗೆ ಹೋಗಿ ನನ್ನನ್ನು ಇನ್ನು ಒಳಗೆ ಬಿಡಬೇಡಿ ಎಂದು ನಾನೇ ಬರೆದುಕೊಡುವುದು. ಅಂಥ ಫಾರಂ ಇರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಇನ್ನೊಂದು, ಕವನಾಗೆ ಇವತ್ತೇ ಹೇಳುವುದು. ಮೊದಲನೆಯದು ಸುಲಭವಾಯಿತು, ಸೋಮವಾರ ಹೋಗಿ ಸಹಿ ಹಾಕಿದೆ. ಎರಡನೆಯದು ಆ ಶನಿವಾರ ಸಂಜೆಯೇ ಆಗಿತ್ತು. ಕವನಾ ಎರಡು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಂದು ಭಾನುವಾರ, "ಆ ದೇವಕಿ ಅನ್ನೋರನ್ನ ನನಗೂ ಪರಿಚಯ ಮಾಡಿಸು," ಎಂದಳು. ಎರಡು ಮನೆಯವರು ಬೇಗ ಹತ್ತಿರವಾದೆವು.

2018ರಲ್ಲಿ ಬಾಲಕೃಷ್ಣ ಅವರಿಗೆ ಬೆನ್ನುನೋವು ಹೆಚ್ಚಾಯಿತು. ಭಾರ ಎತ್ತುವ ಕೆಲಸ ಬಿಡಬೇಕೆಂದು ಡಾಕ್ಟರು ಹೇಳಿದರು. ಬ್ರಿಸ್ಬೇನ್ ಹತ್ತಿರ ಬಿಡಿಭಾಗಗಳ ಉಗ್ರಾಣದಲ್ಲಿ ಕೂತು ಮಾಡುವ ಕೆಲಸವೊಂದು ಸಿಕ್ಕಿತು. ನಾರ್ತ್ ಲೇಕ್ಸ್‌ನಲ್ಲಿ ಮನೆ ನೋಡಲು ಇಬ್ಬರೂ ಮೊದಲೇ ಒಂದು ವಾರ ಹೋಗಿದ್ದರು. ಅಲ್ಲಿ ನಡೆದದ್ದನ್ನು ಮರುವರ್ಷ ನಾನು ಮತ್ತು ಕವನಾ ಅವರ ಮನೆಗೆ ಹೋದಾಗ ಕೇಳಿದೆವು. ಭಾನುವಾರ ಬೆಳಗ್ಗೆ ತಿಂಡಿಗೆ ಕೂತಿದ್ದೆವು, ಅವರೆಕಾಳಿನ ಉಪ್ಪಿಟ್ಟು.

"ಅಕ್ಕ, ನೀವು ಯಾವತ್ತಾದ್ರೂ ಗಿರಾಕಿಯಾಗಿ ಕೂತು ಆಡಿದೀರಾ?" ಎಂದು ಕವನಾ ಕೇಳಿದಳು.

"ಒಂದೇ ಸಲ," ಎಂದರು ದೇವಕಿ. "ಇದೇ ಬ್ರಿಸ್ಬೇನಲ್ಲಿ, ಮನೆ ನೋಡೋಕೆ ಬಂದಿದ್ವಲ್ಲ, ಆಗ. ಇಲ್ಲಿಯೋರು ಹೆಂಗೆ ಹಂಚ್ತಾರೆ ನೋಡೋಣ ಅಂತ ಇಪ್ಪತ್ತು ಡಾಲರ್ ತಗೊಂಡು ಕೂತೆ."

ಹಂಚುತ್ತಿದ್ದವಳು ಹೊಸ ಹುಡುಗಿ, ನೇಪಾಳದವಳು. ಪ್ರತಿ ಆಟದ ಮೊತ್ತವನ್ನೂ ಎರಡೆರಡು ಸಲ ಕೂಡುತ್ತಿದ್ದಳು. ಒಂದು ಆಟದಲ್ಲಿ ದೇವಕಿಯದೂ ಹತ್ತೊಂಬತ್ತು, ಅವಳದೂ ಹತ್ತೊಂಬತ್ತು. ಸಮ. ಪಣ ಹಾಗೇ ಇರಬೇಕು. ಹುಡುಗಿ ಗಲಿಬಿಲಿಯಲ್ಲಿ ದೇವಕಿಗೆ ಗೆಲುವಿನ ಬಿಲ್ಲೆ ಕೊಟ್ಟುಬಿಟ್ಟಳು. ಮೇಜಿನಲ್ಲಿ ಬೇರೆ ಯಾರೂ ಗಮನಿಸಿರಲಿಲ್ಲ. ದೇವಕಿ ಬಿಲ್ಲೆ ಮುಟ್ಟದೆ, ಎರಡೂ ಕೈ ಹಿಂದಕ್ಕೆಳೆದುಕೊಂಡು, "ಇದು ಸಮ, ನನಗೆ ಬರಬೇಕಾದ್ದಲ್ಲ," ಎಂದರು. ನಿಯಮದ ಪ್ರಕಾರ ಹುಡುಗಿ ಮೇಲ್ವಿಚಾರಕನನ್ನು ಕರೆಯಬೇಕಾಯಿತು.

ಮೇಲ್ವಿಚಾರಕ ಬಂದು ಎಲೆ ನೋಡಿದ, ಬಿಲ್ಲೆ ವಾಪಸ್ ಇಡಿಸಿದ. ದೇವಕಿ ಅವನಿಗೆ, "ನಾನೂ ಇದೇ ಕೆಲಸದವಳು. ಕಲಿಯುವಾಗ ನಾನು ಇದಕ್ಕಿಂತ ದೊಡ್ಡ ತಪ್ಪು ಮಾಡಿ ಪರೀಕ್ಷೆಯಲ್ಲೇ ಫೇಲಾಗಿದ್ದೆ. ಈ ಹುಡುಗಿ ಎಲೆ ಬಹಳ ನೀಟಾಗಿ ಜಾರಿಸುತ್ತಾಳೆ, ಈ ಕೆಲಸದಲ್ಲಿ ಮುಂದೆ ಬರುತ್ತಾಳೆ," ಎಂದರು. ಎಲ್ಲಿ ಕೆಲಸ, ಎಷ್ಟು ವರ್ಷ ಎಂದು ಅವನು ಕೇಳಿದ. ಬ್ರಿಸ್ಬೇನ್‌ಗೆ ಬರುವುದಾದರೆ ನಮ್ಮ ತರಬೇತಿ ಶಾಲೆಗೆ ಅರ್ಜಿ ಹಾಕಿ, ತಪ್ಪು ಮಾಡಿದವರನ್ನು ಹೆದರಿಸದೆ ತಿದ್ದುವವರು ನಮಗೆ ಬೇಕು ಎಂದ.

ಎರಡು ತಿಂಗಳ ನಂತರ ಆ ಶಾಲೆಯಲ್ಲಿ ದೇವಕಿ ತರಬೇತುದಾರರಾದರು. ನಾವು ಹೋದಾಗ ಅವರ ಕೈಕೆಳಗೆ ಕಲಿತ ಮೂರನೆಯ ತಂಡ ಹೊರಬೀಳುವುದರಲ್ಲಿತ್ತು. ಆ ನೇಪಾಳದ ಹುಡುಗಿ ಅಲ್ಲೇ ಇದ್ದಾಳಂತೆ, ಈಗ ಮೊತ್ತವನ್ನು ಒಂದೇ ಸಲ ಕೂಡುತ್ತಾಳಂತೆ. ತರಗತಿಯ ಮೊದಲ ದಿನ ದೇವಕಿ ಎಲ್ಲರಿಗೂ ಒಂದು ಮಾತು ಹೇಳುತ್ತಾರೆ ಎಂದು ಬಾಲಕೃಷ್ಣ ಹೇಳಿದರು. ಗೆಲ್ಲುವ ದಾರಿ ಯಾವುದು ಎಂದು ಯಾರಾದರೂ ಗಿರಾಕಿ ಕೇಳಿದರೆ, ಮೊದಲು ದಾಟುವವರು ನೀವು ಎಂದು ನಗುತ್ತಾ ಹೇಳಿ, ಸುಳ್ಳು ಮಾತ್ರ ಹೇಳಬೇಡಿ ಎಂದು.

"ಆ ಇಪ್ಪತ್ತು ಡಾಲರ್ ಏನಾಯ್ತು?" ಎಂದು ನಾನು ಕೇಳಿದೆ.

"ಹದಿನೈದು ಉಳೀತು. ಕೂತು ಆಡೋದು ನನಗೆ ಬೇಜಾರಾಯ್ತು ಕಣಪ್ಪ. ನಿಂತು ಹಂಚೋದೇ ಚೆಂದ."

ಹತ್ತೂವರೆ ಆಗುತ್ತಾ ಬಂದಿತ್ತು. ಭಾನುವಾರವೂ ಅವರಿಗೆ ಒಂದು ತರಗತಿ ಇತ್ತು. ಫೇಲಾದ ಇಬ್ಬರಿಗೆ ಮರುಪರೀಕ್ಷೆಗೆ ಮುಂಚೆ ಅಭ್ಯಾಸ ಮಾಡಿಸಲು ಸಂಬಳವಿಲ್ಲದೆ ಹೋಗುತ್ತಿದ್ದರು. ಉಪ್ಪಿಟ್ಟಿನ ಪಾತ್ರೆ ಮುಚ್ಚಿಟ್ಟು, ಕವನಾಗೆ ಇನ್ನೊಂದು ಸಲ ಬಡಿಸಿಕೊಳ್ಳಲು ಹೇಳಿ, ಚಪ್ಪಲಿ ಮೆಟ್ಟಿ ಹೊರಟರು. ಬಾಲಕೃಷ್ಣ ಅವರನ್ನು ಸ್ಟೇಷನ್ನಿಗೆ ಬಿಟ್ಟುಬರಲು ಕಾರಿನ ಕೀ ತೆಗೆದುಕೊಂಡರು. ಮಧ್ಯಾಹ್ನ ಎರಡಕ್ಕೆ ವಾಪಸ್ ಬಂದಾಗ ದೇವಕಿಯವರ ಮುಖ ನೋಡಿದರೇ ಗೊತ್ತಾಗುತ್ತಿತ್ತು, ಇಬ್ಬರಲ್ಲಿ ಒಬ್ಬರಿಗಾದರೂ ಆಟ ಕೈಗೆ ಹತ್ತಿದೆ ಎಂದು. "ಇಬ್ಬರಿಗೂ," ಎಂದರು ಅವರು, ನಾವು ಕೇಳುವ ಮೊದಲೇ.